ಗಾದ್ರಪ್ಪನ ಗಾಲಿ

ಸಂಗಮೇಶಣ್ಣ ನನ್ನ ದೊಡ್ಡಪ್ಪನ ಮಗ. ದೆವ್ವ ಅಂದ್ರೆ ನಗೋನು. ಸುಳ್ಳು ಹೇಳೋನೂ ಅಲ್ಲ… ನನಗೆ ಗೊತ್ತಿರೋ ಹಾಗೆ ಅವನು ಹೇಳಿದ್ದು ಒಂದೇ ಒಂದು ಸುಳ್ಳು. ಅದು ಮುಂದೆ ಬರ್ತದೆ.

ಎರಡು ಸಾವಿರದ ಒಂದರ ಬೇಸಿಗೆ. ಒಂದು ರಾತ್ರಿ ಅವನು ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗೋ ಕೊನೇ ಬಸ್ಸು ಹತ್ತಿ, ತಳಕು ದಾಟಿದ ಮೇಲೆ ನಮ್ಮ ಹೊಲದ ಕ್ರಾಸಲ್ಲಿ ಇಳಿದ. ಜೊತೆಗೆ ಗುಜರಿಯಲ್ಲಿ ಆರಿಸಿ ತಂದ ಲಾರಿ ಬ್ಯಾಟರಿ. ಟೀ ಅಂಗಡಿ ಹಿಂದೆ ನಿಲ್ಲಿಸಿದ್ದ ಸೈಕಲ್ಲಿನ ಕ್ಯಾರಿಯರಿಗೆ ಅದನ್ನ ಬಿಗಿದು, ತಳ್ಳಿಕೊಂಡು ಹೊರಟ. ಚಂದ್ರ ಇರಲಿಲ್ಲ. ದನ ಮೇಯೋ ಕಾವಲ್ ಕಡೆಯಿಂದ ಬರ್ತಿದ್ದ ಗಾಳಿ ಆಗಷ್ಟೇ ಬಿದ್ದುಹೋಗಿತ್ತು. ಬ್ಯಾಟರಿಯೊಳಗೆ ಆಸಿಡ್ಡು ಗುಳುಕ್… ಗುಳುಕ್… ಅಂತ ಅಲ್ಲಾಡೋದು ಬಿಟ್ರೆ ಬೇರೆ ಸದ್ದಿಲ್ಲ.

ದಾರಿ ಪಕ್ಕ ಒಂದು ಹಾಳು ಬಾವಿ ಇದೆ. ಗಾದ್ರಪ್ಪನ ಬಾವಿ ಅಂತಾರೆ. ಪಂಪ್‌ಸೆಟ್ಟು ಬರೋ ಮುಂಚೆ ಅಲ್ಲಿ ಕಪಿಲೆ ಇತ್ತಂತೆ. ಎರಡು ಕಲ್ಲಿನ ಕಂಬ, ಮಧ್ಯೆ ದೊಡ್ಡ ಮರದ ಗಾಲಿ, ಗಾಲಿ ಮೇಲೆ ಹಾದು ಬಾವಿಗಿಳಿಯೋ ಚರ್ಮದ ಮಿಣಿ. ಮಿಣಿಯ ಒಂದು ತುದಿಗೆ ನೀರಿನ ಬಾನಿ, ಇನ್ನೊಂದು ತುದಿ ಎತ್ತಿನ ನೊಗಕ್ಕೆ. ಎತ್ತು ಇಳಿಜಾರಲ್ಲಿ ಇಳಿದ ಹಾಗೆ ಬಾನಿ ಮೇಲೆ ಬರ್ತದೆ. ಈಗ ಬಾವೀಲಿ ನೀರಿಲ್ಲ. ಕಂಬಗಳ ಮಧ್ಯೆ ಗಾಲಿಯೂ ಇಲ್ಲ.

ಸಂಗಮೇಶಣ್ಣ ಅಲ್ಲಿಗೆ ಬಂದಾಗ…

ಕಿರ್ರ್… ಕಿರ್ರ್… ಕಿರ್ರ್…

ಸೈಕಲ್ಲಿನದೇ ಇರಬೇಕು ಅಂದ್ಕೊಂಡು ನಿಂತ. ಆಸಿಡ್ಡಿನ ಸದ್ದು ನಿಂತಿತು. ಕಿರ್ರ್… ನಿಲ್ಲಲಿಲ್ಲ. ನಿಧಾನಕ್ಕೆ, ಭಾರ ಎಳೆಯೋ ಹಾಗೆ. ಆಮೇಲೆ ಒಮ್ಮೆಗೇ ಗರ್ರ್ರ್ರ್ ಅಂತ ಬಿಚ್ಚಿಕೊಂಡು ಓಡಿತು. ಕೊನೆಗೆ ಕೆಳಗೆ, ತುಂಬ ಕೆಳಗೆ… ಧಬ್.

ನೀರಿಗೆ ಬಿದ್ದ ಸದ್ದು.

ಟಾರ್ಚು ಹಾಕಿ ನೋಡಿದ. ಕಲ್ಲಿನ ಕಂಬ ಎರಡು. ಮಧ್ಯೆ ಬರೀ ಕತ್ತಲೆ.

ಮನೆಗೆ ಬಂದು ನನಗೆ ನಗ್ತಾನೇ ಹೇಳಿದ. "ಮಂಗಳಾ, ಬಾವೀಲಿ ಯಾವುದೋ ಗೂಬೆ ಸೇರ್ಕೊಂಡೈತೆ ಕಣೇ. ಥೇಟ್ ಕಪಿಲೆ ಕಿರುಗುಟ್ಟಿದಂಗೆ ಕೂಗ್ತದೆ."

ಜಗಲಿಯ ಕತ್ತಲೇಲಿ ದೊಡ್ಡಪ್ಪ ಮಲಗಿದ್ರು. ನಿದ್ದೆ ಮಾಡಿದ್ದಾರೆ ಅಂತಲೇ ನಾವು ಅಂದ್ಕೊಂಡಿದ್ವಿ.

"ಆ ದಾರೀಲಿ ಬರಬ್ಯಾಡ ಅಂತ ಎಷ್ಟು ಸಲ ಹೇಳ್ಬೇಕಲೇ ನಿಂಗೆ?" ಅಂದ್ರು. ಅಷ್ಟೇ. ಮಗ್ಗುಲು ಬದಲಿಸಿದ್ರು.

ನಾನು ರಜಕ್ಕೆ ದಾವಣಗೆರೆಯಿಂದ ಅಲ್ಲಿಗೆ ಹೋಗಿದ್ದೆ. ಕಾನ್ವೆಂಟಲ್ಲಿ ಓದಿದೋಳು, ಮಾತು ಕಮ್ಮಿ. ಮನೇಲಿ ನಾನೊಬ್ಬಳು ಇದ್ದೀನಿ ಅನ್ನೋದೇ ಎಲ್ಲರಿಗೂ ಮರೆತುಹೋಗ್ತಿತ್ತು. ಹಾಗಾಗಿ ನನಗೆ ಬೇಕಾದಷ್ಟು ಕಾಣ್ತಿತ್ತು. ದೊಡ್ಡಪ್ಪ ಚಿಕ್ಕಬಸಪ್ಪನವರು ಊರಿಗೆಲ್ಲ ಗೌಡ್ರು. ಎಲ್ಲರೂ ಗಾದ್ರಪ್ಪನ ಬಾವಿ ಅನ್ನೋದನ್ನ ಅವರು ಮಾತ್ರ "ಮೂಡಲ ಹೊಲ" ಅಂತಿದ್ರು. ಕ್ರಾಸಿಂದ ಮನೆಗೆ ಬರೋವಾಗ ಬಾವಿ ದಾರಿ ಬಿಟ್ಟು ಕೆರೆ ಏರಿ ಸುತ್ತಿ ಬರ್ತಿದ್ರು. ದೊಡ್ಡಿ ಗುಡಿಸೋಕೆ ಬರೋ ಪಾಲಮ್ಮ ಎದುರು ಬಂದ್ರೆ ಒಳಗೆ ಹೋಗಿಬಿಡ್ತಿದ್ರು. ಪಾಲಮ್ಮ ಗಾದ್ರಪ್ಪನ ಹೆಂಡತಿ. ಗಾದ್ರಪ್ಪ ಹೂಳು ತೆಗೆಯೋಕೆ ಬಾವಿಗಿಳಿದಾಗ ಮಿಣಿ ಜಾರಿ ಸತ್ತ, ಅಂತ ದೊಡ್ಡಮ್ಮ ಒಂದು ಸಲ ಹೇಳಿದ್ರು. ಸಂಗಮೇಶಣ್ಣ ಹುಟ್ಟೋದಕ್ಕಿಂತ ಮುಂಚಿನ ಮಾತು.

ಸಂಗಮೇಶಣ್ಣ ಕರೆಂಟು ಮಾಡೋಕೆ ಹೊರಟಿದ್ದು ದೊಡ್ಡಮ್ಮನಿಗೋಸ್ಕರ. ತಿಪ್ಪೇರುದ್ರಮ್ಮ ದೊಡ್ಡಮ್ಮನಿಗೆ ಉಬ್ಬಸ. ಹೊರಗೆ ಮಲಗಿದ್ರೆ ಧೂಳು, ಒಳಗೆ ಮಲಗಿದ್ರೆ ಧಗೆ. ಮುಖಕ್ಕೆ ಫ್ಯಾನು ಗಾಳಿ ಬಡಿದ್ರೆ ಮಾತ್ರ ನಿದ್ದೆ. ಆದರೆ ಆ ವರ್ಷ ಕತ್ತಲಾಯ್ತು ಅಂದ್ರೆ ಕರೆಂಟು ಹೋಯ್ತು ಅಂತಲೇ. ಗೋಡೆಗೆ ಒರಗಿ ಕೂತು, ಬೆಳಗಿನ ತನಕ ಸೀಟಿ ಊದಿದ ಹಾಗೆ ಉಸಿರು ಎಳೀತಿದ್ರು. ಅದನ್ನ ಕೇಳ್ತಾ ಮಲಗೋದು ಕಷ್ಟ.

"ನಮ್ಮಲ್ಲಿ ಏನಿಲ್ಲ ಅಂದ್ರೂ ಗಾಳಿ ಐತಲ್ಲ!" ಅಂತಿದ್ದ ಅವನು. ಬೋರ್‌ವೆಲ್ಲಿನ ಕೇಸಿಂಗ್ ಪೈಪು ಸೀಳಿ ಮೂರು ರೆಕ್ಕೆ ಕೊಯ್ದ. ಹಳೇ ಅಂಬಾಸಿಡರ್ ಕಾರಿನ ಡೈನಮೊ, ಹಿಟ್ಟಿನ ಗಿರಣಿಯ ಬೆಲ್ಟು, ಲಾರಿ ಡ್ರೈವರು ಮುಂದೆ ಇಟ್ಕೊಳ್ಳೋ ಪುಟ್ಟ ಫ್ಯಾನು, ಟೆಂಪೋ ಬಲ್ಬು… ಎಲ್ಲ ಕೂಡಿಹಾಕಿದ್ದ. ಮಾಳಿಗೆ ಮೇಲೆ ಕಬ್ಬಿಣದ ಕಂಬ ನೆಟ್ಟ. ನಾನು ಮೊಳೆ, ಇಕ್ಕಳ ಹಿಡ್ಕೊಂಡು ನಿಲ್ತಿದ್ದೆ.

"ಏನ್ ಕಾನ್ವೆಂಟ್ ರಾಣಿ, ಡೈನಮೊ ಹೆಂಗೆ ಕರೆಂಟು ಕೊಡ್ತದೆ ಹೇಳು ನೋಡಾನ?"

ಉತ್ತರ ಗೊತ್ತಿತ್ತು. ಇಂಗ್ಲಿಷಲ್ಲಿ ಗೊತ್ತಿತ್ತು. ಸುಮ್ಮನೆ ನಕ್ಕೆ.

ಒಂದೇ ತೊಂದರೆ. ರೆಕ್ಕೆ ನಿಧಾನಕ್ಕೆ ತಿರುಗ್ತದೆ, ಡೈನಮೊಗೆ ಜೋರು ಬೇಕು. ರೆಕ್ಕೆಯ ಅಚ್ಚಿಗೆ ದೊಡ್ಡ ಗಾಲಿ ಹಾಕಿ, ಅಲ್ಲಿಂದ ಬೆಲ್ಟಲ್ಲಿ ಡೈನಮೊದ ಸಣ್ಣ ಗಾಲಿ ತಿರುಗಿಸಬೇಕು. ಅಷ್ಟು ದೊಡ್ಡದು ಚಳ್ಳಕೆರೆ ಗುಜರಿಯಲ್ಲೂ ಸಿಗಲಿಲ್ಲ.

ದೊಡ್ಡಪ್ಪ ಹರಿಹರಕ್ಕೆ ಮದುವೆಗೆ ಹೋದ ದಿನ ಅವನು ದೊಡ್ಡಿ ಅಟ್ಟ ಹತ್ತಿದ. ಶೇಂಗಾ ಚೀಲಗಳ ಹಿಂದೆ, ಗೋಡೆಗೆ ಮುಖ ಮಾಡಿ ನಿಲ್ಲಿಸಿತ್ತು. ಕಪಿಲೆ ಗಾಲಿ. ಜಾಲಿ ಮರದ್ದು, ಕಪ್ಪಗೆ ಮಿರುಗ್ತಿತ್ತು. ಮಿಣಿ ಓಡಾಡಿ ಓಡಾಡಿ ಅಂಚಲ್ಲಿ ತಗ್ಗು ಬಿದ್ದಿತ್ತು. ಬೆಲ್ಟು ಕೂರೋಕೆ ಅಂತಲೇ ಮಾಡಿದ ಹಾಗೆ.

ಗಾಲಿಯ ಒಂದು ಅರೆಕಾಲಿಗೂ ಅಚ್ಚಿಗೂ ಸೇರಿಸಿ ಏನೋ ಕಟ್ಟಿತ್ತು. ಧೂಳು ಒರೆಸಿದ್ರೆ… ಕರಿಮಣಿ ಸರ.

ಕೆಳಗಿಂದ ದೊಡ್ಡಮ್ಮ ನೋಡಿ ಗಾಬರಿಯಾದ್ರು. "ಕೊಯ್ಯಬ್ಯಾಡಪ್ಪ ಸಂಗಮೇಶ! ಗಂಡ ಸತ್ತೋಳು ಕಟ್ಟಿದ್ದದು. ಬಾವೀಲಿ ಆಳು ಹೋದ್ರೆ ಆ ಗಾಲಿ ಇಳಿಸಿ, ಅವನ ಹೆಂಡ್ತಿ ಕೈಲಿ ಅವಳ ಕರಿಮಣಿ ಕಟ್ಟಿಸ್ತಾರೆ ಈ ಕಡೆ. ಗಾಲಿ ನಿಂತ್ರೆ ಅವನೂ ಬಾವಿ ಬಿಟ್ಟು ಬರದಂಗೆ ನಿಲ್ತಾನಂತೆ. ಕಟ್ಟಿದೋಳೇ ಬಿಚ್ಚಬೇಕು."

"ಅವಳೇ ಬಿಚ್ಚಲಿ ಬಿಡವ್ವ. ಇಲ್ಲೇ ಇದ್ದಾಳಲ್ಲ! ಪಾಲಮ್ಮಾ… ಏ ಪಾಲಮ್ಮಾ, ಇಲ್ಲಿ ಬಾರಮ್ಮ!"

ಪಾಲಮ್ಮ ಪೊರಕೆ ಹಿಡ್ಕೊಂಡೇ ಬಂದ್ಲು. ಗಾಲಿ ನೋಡಿದ್ಲು. ಪೊರಕೆ ಕೆಳಗಿಟ್ಲು.

"ಇದನ್ನ ಬಿಚ್ಚಿ ಕೊಡಮ್ಮ. ಅವ್ವಂಗೆ ಫ್ಯಾನು ತಿರುಗಬೇಕು."

"ನಿಮ್ಮಪ್ಪಾರು ಹೇಳಿದ್ರಾ ಸಣ್ಣಗೌಡ್ರೇ?"

"ಹೂಂ, ಹೇಳ್ಯಾರೆ."

"ಅವರೇ ಹೇಳಿದ್ರಾ? ಗಾಲಿ ಬಿಚ್ಚಲಿ ಅಂತ?"

"ಹೇಳ್ಯಾರೆ ಅಂದೆನಲ್ಲಮ್ಮ!"

"ಬಾಯಿಬಿಟ್ಟು ಹೇಳಿದ್ರಾ?"

"ಹೂಂ ಅಂತೀನಿ!"

ಅದೇ ಆ ಸುಳ್ಳು.

ಪಾಲಮ್ಮ ಕೈ ತೊಳೆದು ಬಂದ್ಲು. ಗಾಲಿ ಮುಂದೆ ಕುಕ್ಕರುಗಾಲಲ್ಲಿ ಕೂತ್ಲು. ಅಷ್ಟು ಹಳೇ ಗಂಟು… ಉಗುರಿಂದ ಕೆರೆದು ಬಿಡಿಸಬೇಕಾಗ್ತದೆ ಅಂದ್ಕೊಂಡಿದ್ದೆ. ಅವಳು ಮುಟ್ಟಿದ ಕೂಡಲೇ ಸಡಿಲ ಆಯ್ತು. ಸರ ಮಡಿಚಿ ಎಲೆಅಡಿಕೆ ಚೀಲಕ್ಕೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡ್ಲು. ಆಮೇಲೆ ಗಾಲಿಗೆ ಬಾಯಿ ಹತ್ತಿರ ಇಟ್ಟು ತೆಲುಗಲ್ಲಿ ಏನೋ ಅಂದ್ಲು. ಮನೇಲಿ ಅವರು ಮಾತಾಡೋದು ತೆಲುಗೇ.

"ಇಂಕ ಲೇಯಿ."

ನನಗೆ ತೆಲುಗು ಬರೋಲ್ಲ. ಎಷ್ಟೋ ದಿನ ಆದ ಮೇಲೆ ಹಾಸ್ಟೆಲಿನ ಗೆಳತಿಯನ್ನ ಕೇಳಿದೆ. "ಇನ್ನು ಏಳು" ಅಂತ ಅರ್ಥವಂತೆ.

ಎದ್ದು ನಿಂತಾಗ ಪಾಲಮ್ಮ ನನ್ನ ಕಡೆ ನೋಡಿದ್ಲು. ಅವಳು ನಕ್ಕಿದ್ದು ನಾನು ಕಂಡಿದ್ದು ಅದೇ ಮೊದಲು.

ಆವತ್ತು ಸಂಜೆ ಕಾವಲ್ ಕಡೆಯಿಂದ ಗಾಳಿ ಎದ್ದಿತು. ರೆಕ್ಕೆ ತಿರುಗಿದವು. ಗಾಲಿ ಕಿರ್ರ್… ಅಂತ ಶುರುವಾಗಿ, ಬೆಲ್ಟು ಟಪ ಟಪ ಬಡಿದು, ಡೈನಮೊ ಜೇನಿನ ಹಾಗೆ ಗುಂಯ್‌ಗುಟ್ಟಿತು. ಪಡಸಾಲೇಲಿ ಹಾಕಿದ್ದ ಮೀಟರಿನ ಮುಳ್ಳು ಎದ್ದಿತು. ಟೆಂಪೋ ಬಲ್ಬು ಹಳದಿಯಾಗಿ ಹತ್ತಿತು! ಸಂಗಮೇಶಣ್ಣ ಕುಣಿದೇಬಿಟ್ಟ. ಪುಟ್ಟ ಫ್ಯಾನಿನ ಮುಂದೆ ದೊಡ್ಡಮ್ಮ ಮಲಗಿದ್ರು. ಸೀಟಿ ಸಣ್ಣದಾಯ್ತು… ಇನ್ನೂ ಸಣ್ಣದಾಯ್ತು… ನಿಂತಿತು. ನಿದ್ದೆ.

ಮಾರನೇ ದಿನ ಹೊತ್ತು ಮುಳುಗೋವಾಗ ದೊಡ್ಡಪ್ಪ ಕೆರೆ ಏರಿ ಸುತ್ತಿ ಬಂದ್ರು. ಅಂಗಳದ ಬಾಗಿಲಲ್ಲೇ ನಿಂತುಬಿಟ್ರು.

"ಇದೇನ್ಲೇ ಸಂಗ್ಯಾ ಸದ್ದು?"

"ಕರೆಂಟು ಅಪ್ಪ! ನಮ್ದೇ ಕರೆಂಟು. ಅವ್ವ ರಾತ್ರಿಯೆಲ್ಲ ನಿದ್ದೆ ಮಾಡ್ಯಾಳೆ ನೋಡು ಬಾ."

"ಸದ್ದು ಏನು ಅಂದೆ."

"ಗಾಲಿ. ಅಟ್ಟದಾಗಿತ್ತಲ್ಲ, ಹಳೇ ಕಪಿಲೇದು."

ದೊಡ್ಡಪ್ಪನ ಕೈಚೀಲ ಜಾರಿತು. ಮದುವೆ ಲಾಡು ಅಂಗಳದ ತುಂಬ ಉರುಳಿದವು. ಯಾರೂ ಎತ್ತಲಿಲ್ಲ.

"ಕಟ್ಟಿತ್ತಲ್ಲ ಅದನ್ನ…"

"ಪಾಲಮ್ಮನ ಕೈಲೇ ಬಿಚ್ಚಿಸ್ದೆ ಅಪ್ಪ. ಶಾಸ್ತ್ರ ಏನೂ ತಪ್ಪಿಲ್ಲ."

ದೊಡ್ಡಿ ಮೂಲೆಯಿಂದ ಪಾಲಮ್ಮ ಬಂದ್ಲು. ಸೆರಗು ಸರಿಮಾಡ್ಕೊಂಡ್ಲು. ನೆಟ್ಟಗೆ ಅವರ ಮುಖ ನೋಡಿದ್ಲು.

"ಬಂದ್ರಾ ಗೌಡ್ರೇ?"

ಅಷ್ಟೇ ಕೇಳಿದ್ದು. ದೊಡ್ಡಪ್ಪ ಸಂಗಮೇಶಣ್ಣನ ಕಡೆ ತಿರುಗಿದ್ರು.

"ಇಳಿಸಲೇ ಅದನ್ನ! ಈಗ್ಲೇ ಇಳಿಸು!" ಅಂತ ಕೂಗಾಡಿದ್ರು. ಗಾಳಿ ಜೋರಿತ್ತು. ತಿರುಗೋ ರೆಕ್ಕೆಗೆ ಕೈ ಹಾಕೋಕಾಗಲ್ಲ ಅಂದ ಸಂಗಮೇಶಣ್ಣ. ಒಳಗಿಂದ ದೊಡ್ಡಮ್ಮ ಬೇಡ್ಕೊಂಡ್ರು. "ಇವತ್ತೊಂದಿನ ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ. ಎಷ್ಟೋ ದಿನದ ಮ್ಯಾಲೆ ಕಣ್ಣು ಮುಚ್ಚೀನಿ… ನಾಳೆ ಇಳಿಸಿದ್ರಾತು."

ದೊಡ್ಡಪ್ಪ ಊಟ ಮಾಡಲಿಲ್ಲ. ಜಗಲಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತ್ರು.

ಯಾವತ್ತೂ ಕತ್ತಲಾಗೋ ಮುಂಚೆ ಹಟ್ಟಿಗೆ ಹೋಗೋ ಪಾಲಮ್ಮ ಆವತ್ತು ಹೋಗಲಿಲ್ಲ. "ಇಲ್ಲೇ ಮಲಗ್ತೀನಿ ತಾಯಿ" ಅಂತ ಅಂಗಳದಲ್ಲಿ ನನ್ನ ಚಾಪೆ ಪಕ್ಕ ಗೋಣಿ ಹಾಸಿಕೊಂಡ್ಲು.

ಎಷ್ಟೊತ್ತಿಗೋ ಎಚ್ಚರ ಆಯ್ತು. ಏನೋ ಇಲ್ಲ ಅನ್ನಿಸಿ ಎಚ್ಚರ ಆಗ್ತದಲ್ಲ, ಹಾಗೆ. ಗಾಳಿ ಇರಲಿಲ್ಲ. ಬೇವಿನ ಮರದ ಒಂದು ಎಲೆಯೂ ಅಲ್ಲಾಡ್ತಿರಲಿಲ್ಲ.

ಕಿರ್ರ್… ಕಿರ್ರ್… ಕಿರ್ರ್…

ಮಾಳಿಗೆ ಮೇಲೆ ಗಾಲಿ ತಿರುಗ್ತಿತ್ತು.

"ಪಾಲಮ್ಮ…" ಪಿಸುಗುಟ್ಟಿದೆ. "ಗಾಳಿ ಇಲ್ಲ ಅಲ್ವಾ?"

"ಇಲ್ಲ ತಾಯಿ." ಅವಳು ಮಲಗಿರಲಿಲ್ಲ. ಕೂತಿದ್ಲು.

"ಮತ್ತೆ ಗಾಲಿ?"

"ಎತ್ತು ಇಳೀತಾ ಐತೆ."

ಕಿರ್ರ್… ಕಿರ್ರ್… ಆಮೇಲೆ ತೊಟ್ಟಿಗೆ ನೀರು ಸುರಿದ ಹಾಗೆ ಜಳ್ಳ್… ಮತ್ತೆ ಮೊದಲಿಂದ. ಅದರ ಜೊತೆಗೆ, ತುಂಬ ದೂರದಿಂದ, ಗಂಡಸಿನ ದನಿ. ಎತ್ತಿಗೆ ಹೇಳೋ ಹಾಗೆ. ಹೋ… ಹೋ… ಬಾ… ಬಾ…

"ಆವತ್ತು ಎತ್ತು ಹಿಡ್ಕೊಂಡಿದ್ದು ನಿಮ್ಮ ದೊಡ್ಡಪ್ಪಾರು," ಅಂದ್ಲು ಪಾಲಮ್ಮ. ಅನ್ನ ಆಯ್ತಾ ಅಂತ ಕೇಳೋ ದನಿಯಲ್ಲಿ. "ಆ ಹೊಲ ನಮ್ದು. ಬಾವಿ ನಮ್ದು. ಕೊಡು ಅಂದ್ರು, ನಮ್ಮೋನು ಕೊಡಲ್ಲ ಅಂದ. ಆಮೇಲೆ ಅವರೇ ನಗ್ತಾ ಬಂದ್ರು. ಹೂಳು ತೆಗಿಯಾನ ಬಾರಲೇ, ಎತ್ತು ನಾನು ಹಿಡೀತೀನಿ ಅಂತ. ಇವನು ಮಿಣಿಗೆ ಕಾಲು ಕೊಟ್ಟು ಇಳಿದ. ಮಿಣೀನ ನೊಗಕ್ಕೆ ಸೇರಿಸಿ ಒಂದು ಗೂಟ ಹಾಕಿರ್ತಾರೆ ತಾಯಿ. ನಾನು ಬುತ್ತಿ ತಗಂಡು ಬರ್ತಿದ್ದೆ… ಆ ಗೂಟ ಅವರ ಕೈಯಾಗಿತ್ತು."

"ಯಾರಿಗೂ ಹೇಳಲಿಲ್ವಾ?"

"ಯಾರಿಗೆ? ಊರಿಗೆಲ್ಲ ಅವರೇ ಗೌಡ್ರು. ಗಾಲಿಗೆ ಕರಿಮಣಿ ಕಟ್ಟು ಅಂತ ನನ್ನ ಕೈ ಹಿಡಿದು ಕಟ್ಟಿಸಿದ್ರು. ಮಾಡಿದೋರಿಗೆ ಭಯ ಇರ್ತದಲ್ಲ. ನಾನಾಗೇ ಬಿಚ್ಚಂಗಿಲ್ಲ. ಕಟ್ಟಿಸಿದ ಮನೆಯೋರೇ ಬಿಚ್ಚು ಅಂತ ಕೇಳಬೇಕು." ಮಾಳಿಗೆ ಕಡೆ ಮುಖ ಎತ್ತಿದ್ಲು. "ಅದಕ್ಕೇ ಈ ಮನೆ ಸಗಣಿ ಬಾಚಿಕೊಂಡು ಕಾದೆ."

ಜಗಲಿಯಿಂದ ದೊಡ್ಡಪ್ಪ ಎದ್ರು. ಕೈಯಲ್ಲಿ ದನ ಕಟ್ಟೋ ಹಗ್ಗ. ಏಣಿ ಹತ್ತಿದ್ರು. ನಾನು ಏಳೋಕೆ ಹೋದೆ. ಪಾಲಮ್ಮನ ಕೈ ನನ್ನ ಮಣಿಕಟ್ಟಿನ ಮೇಲೆ ಬಿತ್ತು.

"ನೀನು ಬ್ಯಾಡ ತಾಯಿ. ನಿಂದಲ್ಲ ಇದು."

ಜಗಲಿಯ ಬಲ್ಬು ಬೆಳ್ಳಗಾಗ್ತಾ ಹೋಯ್ತು. ಟೆಂಪೋ ಬಲ್ಬು ಅಷ್ಟು ಬೆಳಕು ಕೊಡಲ್ಲ… ಆದರೆ ಅಂಗಳವೆಲ್ಲ ಕಾಣ್ತಿತ್ತು, ಬೇವಿನ ಎಲೆ ಒಂದೊಂದೂ ಕಾಣ್ತಿತ್ತು. ಒಳಗೆ ಸಂಗಮೇಶಣ್ಣ ಎದ್ದು ಕೂತಿದ್ದ. ಆಮೇಲೆ ಅವನೇ ಹೇಳಿದ್ದು ಇದು: ಮೀಟರಿನ ಮುಳ್ಳು ಕೊನೇ ಗೆರೆ ದಾಟಿ, ಗೂಟಕ್ಕೆ ಒತ್ತಿಕೊಂಡು ನಡುಗ್ತಿತ್ತಂತೆ. ಬ್ಯಾಟರಿಯಲ್ಲಿ ಅನ್ನ ಕುದಿಯೋ ಹಾಗೆ ಬುಳಬುಳ ಅಂತಿತ್ತಂತೆ.

ಮಾಳಿಗೆ ಮೇಲೆ ದೊಡ್ಡಪ್ಪ ಗಾಲಿಗೆ ಹಗ್ಗ ಸುತ್ತೋದು ಕಂಡಿತು. ಒಂದು ಸುತ್ತು… ಎರಡು ಸುತ್ತು… ಗಾಲಿ ನಿಂತಿತು.

ಸದ್ದೇ ಇಲ್ಲ.

ಹಗ್ಗದ ಇನ್ನೊಂದು ತುದಿ ಅವರ ಕೈಯಲ್ಲೇ ಇತ್ತು. ಅದು ಬಿಗಿಯಾಗಿತ್ತು. ಗಾಲಿಯ ಆ ಕಡೆಯಿಂದ ಯಾರೋ ಹಿಡಿದುಕೊಂಡ ಹಾಗೆ.

"ಗಾದ್ರಾ…" ದೊಡ್ಡಪ್ಪನ ದನಿ. ಅಷ್ಟು ಸಣ್ಣ ದನಿ ಅವರಿಗೆ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. "ಬ್ಯಾಡಲೇ ಗಾದ್ರಾ… ಬಿಡಬ್ಯಾಡಲೇ…"

ಪಾಲಮ್ಮ ಉಸಿರು ಬಿಗಿಹಿಡಿದಿದ್ಲು.

ಗರ್ರ್ರ್ರ್ರ್ರ್…

ಗಾಲಿ ಬಿಚ್ಚಿಕೊಂಡು ಓಡಿತು. ಬಲ್ಬು ಕಣ್ಣು ಕುಕ್ಕೋ ಹಾಗೆ ಉರಿದು ಟಪ್ ಅಂತ ಸುಟ್ಟಿತು. ಕತ್ತಲು. ಮತ್ತೆ ಆ ಕತ್ತಲಲ್ಲಿ, ಮೂಡಲ ಹೊಲದ ಕಡೆಯಿಂದ, ದೂರದಿಂದ…

ಧಬ್.

ಪಾಲಮ್ಮ ಉಸಿರು ಬಿಟ್ಲು. ಗೋಣಿ ಮೇಲೆ ಉದ್ದಕ್ಕೆ ಮಲಗಿದ್ಲು. ಸ್ವಲ್ಪ ಹೊತ್ತಿಗೇ ಅವಳ ಗೊರಕೆ ಕೇಳಿಸಿತು.

ಸಂಗಮೇಶಣ್ಣ ಟಾರ್ಚು ಹಿಡ್ಕೊಂಡು ಮಾಳಿಗೆ ಹತ್ತಿದ. ಯಾರೂ ಇರಲಿಲ್ಲ. ಮನೆ ಸುತ್ತ, ದೊಡ್ಡಿ, ಹಿತ್ತಲು… ಎಲ್ಲೂ ಇಲ್ಲ. ಏಣಿ ನಮ್ಮ ಕಣ್ಣ ಮುಂದೇ ಇತ್ತು. ಅದರಿಂದ ಯಾರೂ ಇಳಿದಿರಲಿಲ್ಲ.

ಬೆಳಿಗ್ಗೆ ಕುರಿ ಹೊಡ್ಕೊಂಡು ಹೋಗ್ತಿದ್ದ ಓಬಯ್ಯ ಓಡಿಬಂದ. ದೊಡ್ಡಪ್ಪ ಗಾದ್ರಪ್ಪನ ಬಾವೀಲಿದ್ರು. ಬಾವಿ ತಳದಲ್ಲಿ ಜಾಲಿ ಮುಳ್ಳು, ಕಲ್ಲು, ಒಣ ಧೂಳು. ಧೂಳಿನ ಮೇಲೆ ದೊಡ್ಡಪ್ಪ. ಮೇಲಕ್ಕೆ ಎತ್ತಿದಾಗ ಅವರ ಪಂಚೆಯಿಂದ ನೀರು ಸುರೀತಿತ್ತು. ಎರಡೂ ಅಂಗೈಯಲ್ಲಿ ಹಗ್ಗ ಜಾರಿ ಸುಟ್ಟ ಗಾಯ. ಎದೆ ತುಂಬ ನೀರು ಸೇರಿ ಸತ್ತಿದ್ದಾರೆ ಅಂದ್ರು ಡಾಕ್ಟ್ರು. ಎಲ್ಲಿ ಮುಳುಗಿದ್ರು ಅಂತಲೂ ಕೇಳಿದ್ರು.

ಪೊಲೀಸಿನವರು ಪಾಲಮ್ಮನ್ನ ವಿಚಾರಿಸಿದ್ರು. ರಾತ್ರಿಯೆಲ್ಲ ನನ್ನ ಪಕ್ಕದಲ್ಲೇ ಇದ್ಲು ಅಂತ ನಾನೇ ಹೇಳಿದೆ. ನಿಜ ಅದು. ನಾನು ಅಷ್ಟು ಜೋರಾಗಿ ಮಾತಾಡಿದ್ದು ನೋಡಿ ದೊಡ್ಡಮ್ಮನೂ ತಿರುಗಿ ನೋಡಿದ್ರು.

ಮಣ್ಣು ಮಾಡಿ ಬಂದ ಮೇಲೆ ಸಂಗಮೇಶಣ್ಣ ಕೊಡಲಿ ತಗೊಂಡು ಮಾಳಿಗೆ ಹತ್ತಿದ. ಎಷ್ಟು ಹೊತ್ತಾದ್ರೂ ಇಳಿಯಲಿಲ್ಲ. ನಾನು ಹತ್ತಿ ನೋಡಿದೆ. ಗಾಳಿ ಬೀಸ್ತಿತ್ತು, ನನ್ನ ದುಪಟ್ಟ ಹಿಡಿಯೋಕಾಗ್ತಿರಲಿಲ್ಲ. ರೆಕ್ಕೆ ನಿಂತಿದ್ದವು. ಗಾಲಿಯ ಅರೆಕಾಲಿಗೂ ಕಬ್ಬಿಣದ ಕಂಬಕ್ಕೂ ಸೇರಿಸಿ ಕಟ್ಟಿತ್ತು. ಕರಿಮಣಿ ಸರ. ಅಷ್ಟು ಗಾಳೀನ ಆ ಒಂದೆಳೆ ದಾರ ಹಿಡ್ಕೊಂಡಿತ್ತು.

ನಾನು ಕೆಳಗಿಳಿದು ಬಂದಾಗ ಪಾಲಮ್ಮ ಎಲೆಅಡಿಕೆ ಹಾಕ್ಕೊಳ್ಳೋಕೆ ಚೀಲ ಬಿಚ್ಚಿದ್ಲು. ಬೆರಳಾಡಿಸಿ ಹುಡುಕಿದ್ಲು. ನನ್ನ ಮುಖ ನೋಡಿ, "ನಮ್ಮೋನೇ ತಗಂಡು ಹೋಗ್ಯಾನೆ," ಅಂದ್ಲು. ಎಲೆಗೆ ಸುಣ್ಣ ಹಚ್ಚಿದ್ಲು.

ಆ ಬಾವಿ, ಆ ಹೊಲ ಈಗ ಅವಳದ್ದು. ಸಂಗಮೇಶಣ್ಣ ಯಾರ ಮಾತೂ ಕೇಳದೆ ಬಿಟ್ಟುಕೊಟ್ಟ. ಗಾಲಿ ಮಾತ್ರ ಮಾಳಿಗೆ ಮೇಲೇ ಇದೆ. ಯಾರೂ ಮುಟ್ಟಲ್ಲ. ನೀವು ನಂಬದಿದ್ರೆ ಹೋಗಿ ನೋಡಿ, ನಾನು ಹೋದ ತಿಂಗಳೂ ನೋಡಿ ಬಂದಿದ್ದೀನಿ. ಆ ಸರದಿಂದ ಒಂದೊಂದೇ ಹನಿ ತೊಟ್ಟಿಕ್ತದೆ. ಮಳೆ ಬಂದು ವರ್ಷ ಆದ್ರೂ ತೊಟ್ಟಿಕ್ತದೆ. ಗಾಲಿಯ ಕೆಳಗೆ, ಸುಡೋ ಬಿಸಿಲಿನ ಮಾಳಿಗೆ ಮೇಲೆ, ಅಂಗೈಯಗಲ ಜಾಗದಲ್ಲಿ ಹಸಿರಾಗಿ ಪಾಚಿ ಬೆಳೆದಿದೆ.